ಥೀಸಿಸ್‌ನಲ್ಲಿ ಎಐ ಬಳಸಿದ್ದನ್ನು ಗೈಡ್‌ಗೆ ಹೇಳಬೇಕಾ? ಅನುಭವ ಇದ್ದವರು ತಿಳಿಸಿ

ತುಂಗಾ ತೀರ (ಪ್ರಶ್ನೆ):
ಕನ್ನಡ ಸಾಹಿತ್ಯದಲ್ಲಿ ಪಿಎಚ್‌.ಡಿ., ನಾಲ್ಕನೇ ವರ್ಷ. ಶಿವಶರಣೆಯರ ವಚನಗಳ ಮೇಲೆ ಕೆಲಸ. ಇಂಗ್ಲಿಷ್ ಲೇಖನ ಓದಲು ನನಗೆ ತುಂಬಾ ಹೊತ್ತು ಹಿಡಿಯುತ್ತದೆ. ಅದಕ್ಕೆ ಚಾಟ್‌ಜಿಪಿಟಿಗೆ ಹಾಕಿ ಕನ್ನಡದಲ್ಲಿ ಸಾರಾಂಶ ತೆಗೆದುಕೊಂಡೆ. ಎರಡನೇ ಅಧ್ಯಾಯದಲ್ಲಿ ಅದರ ಕೆಲವು ವಾಕ್ಯಗಳು ಹಾಗೇ ಉಳಿದಿವೆ. ಅಡಿಟಿಪ್ಪಣಿಯಲ್ಲಿ ಮೂಲ ಲೇಖನ ಕೊಟ್ಟರೆ ಸಾಕಾ, ಎಐ ಹೆಸರೂ ಹಾಕಬೇಕಾ? ಮಾರ್ಚ್‌ನಲ್ಲಿ ಸಲ್ಲಿಸಬೇಕು.

ಹಾವೇರಿ ಹುಡುಗಿ:
ಅಕ್ಕ, ನನ್ನ ಕಥೆ ಕೇಳಿ. ಅಕ್ಕಮಹಾದೇವಿ ದೇಹದ ಬಗ್ಗೆ ಹೇಳಿದ ವಚನ ಕೊಡು ಎಂದು ಎಐಗೆ ಕೇಳಿದೆ. ಆರು ಸಾಲಿನ ವಚನ ಕೊಟ್ಟಿತು. ಕೊನೆಗೆ ‘ಚೆನ್ನಮಲ್ಲಿಕಾರ್ಜುನಾ’ ಅಂಕಿತ. ಸಂಪುಟ, ವಚನದ ಸಂಖ್ಯೆ ಎಲ್ಲ ಇತ್ತು. ಅಂಕಿತ ಸರಿ ಇದೆ ಅಲ್ವಾ, ಇನ್ನೇನು ನೋಡೋದು ಎಂದು ಹಾಕಿಬಿಟ್ಟೆ. ಅದರ ಮೇಲೆ ಎರಡು ಪುಟ ವಿಶ್ಲೇಷಣೆಯನ್ನೂ ಬರೆದೆ.

ಕೊಲೊಕ್ವಿಯಂ (ಸಲ್ಲಿಸುವ ಮುಂಚಿನ ಮಂಡನೆ) ದಿನ ಹಿರಿಯ ಮೇಡಂ ಒಬ್ಬರು ನನ್ನ ಪ್ರತಿಯಲ್ಲಿ ಆ ಪುಟಕ್ಕೆ ಬೆರಳಿಟ್ಟು, ‘ಈ ವಚನ ನಾನು ಮೂವತ್ತು ವರ್ಷದಲ್ಲಿ ಎಲ್ಲೂ ನೋಡಿಲ್ಲ, ಎಲ್ಲಿ ಸಿಕ್ತಮ್ಮಾ?’ ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲೈಬ್ರರಿಗೆ ಓಡಿ ಸಮಗ್ರ ವಚನ ಸಂಪುಟ ತೆಗೆದೆ. ಆ ಸಂಖ್ಯೆಯಲ್ಲಿ ಬೇರೆ ಶರಣೆಯ ವಚನ ಇತ್ತು. ನಾನು ಹಾಕಿದ್ದು ಎಲ್ಲೂ ಇರಲಿಲ್ಲ.

ಆಮೇಲೆ ಎಲ್ಲ 214 ಉಲ್ಲೇಖ ಕೂತು ನೋಡಿದೆ. 17 ತಪ್ಪು. ಅದರಲ್ಲಿ 9 ಲೇಖನ ಹುಟ್ಟೇ ಇಲ್ಲ. ಅಷ್ಟರಲ್ಲಿ ಐದು ಪ್ರತಿ ಪ್ರಿಂಟ್ ಆಗಿತ್ತು. 312 ಪುಟ, ಪುಟಕ್ಕೆ ಎರಡು ರೂಪಾಯಿ, 3,120. ಬೈಂಡಿಂಗ್ 2,000. ಅವಧಿ ವಿಸ್ತರಣೆಗೆ 5,000. ಊರಿಂದ ನಾಲ್ಕು ಸಲ ಓಡಾಡಿದ ಬಸ್ ಚಾರ್ಜ್ ಬೇರೆ. ಹಣ ಹೋಗಲಿ, ಆ ಮೇಡಂ ಎದುರು ಇವತ್ತಿಗೂ ತಲೆ ಎತ್ತಲು ಆಗುತ್ತಿಲ್ಲ.

ಕಾರ್ಡಿನ ಮೇಷ್ಟ್ರು:
ನಾನು 1998ರಲ್ಲಿ ಥೀಸಿಸ್ ಕೊಟ್ಟವನು. ಒಂದು ಉಲ್ಲೇಖಕ್ಕೆ ಒಂದು ಕಾರ್ಡ್. ಮೇಲೆ ಪುಸ್ತಕ, ಪುಟ. ಕೆಳಗೆ ಮೂಲದ ಮಾತು ಕಪ್ಪು ಶಾಯಿಯಲ್ಲಿ, ನನ್ನ ಮಾತು ಕೆಂಪು ಶಾಯಿಯಲ್ಲಿ. ಬಾಟಾ ಡಬ್ಬಿಯಲ್ಲಿ 860 ಕಾರ್ಡ್ ಈಗಲೂ ಇವೆ. ಯಾವ ಸಾಲು ಯಾರದು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಶಾಸನ ನೋಡಲು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟ ಬೇಕಾದಾಗ ಧಾರವಾಡಕ್ಕೆ ರಾತ್ರಿ ಬಸ್ ಹತ್ತಿ ಹೋಗಿದ್ದೇನೆ. ನನ್ನ ಅಭಿಪ್ರಾಯ ಇಷ್ಟೇ, ಎಐ ಮುಟ್ಟಲೇಬೇಡಿ. ಓದದವರು ಸಂಶೋಧನೆಗೆ ಯಾಕೆ ಬರಬೇಕು?

ಲ್ಯಾಬ್ ಕಡೆಯವ:
ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇದು ಎಲ್ಲರಿಗೂ ಒಪ್ಪುವ ಮಾತಲ್ಲ. ನಾನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮಾಧ್ಯಮ. ನನ್ನ ಪ್ರಯೋಗ ಚೆನ್ನಾಗಿದ್ದರೂ ಮೊದಲ ಎರಡು ಪೇಪರ್ ಇಂಗ್ಲಿಷ್ ಸರಿ ಇಲ್ಲ ಎಂದೇ ವಾಪಸ್ ಬಂದವು. ಭಾಷೆ ತಿದ್ದಿಸಲು ಒಬ್ಬರಿಗೆ 14,000 ಕೊಟ್ಟೆ. ಫೆಲೋಶಿಪ್ ಆರು ತಿಂಗಳಿಂದ ಬಂದಿರಲಿಲ್ಲ, ಸಾಲ ಮಾಡಿ ಕೊಟ್ಟೆ. ಮೂರನೇ ಪೇಪರ್‌ಗೆ ವ್ಯಾಕರಣ ಮಾತ್ರ ಎಐನಿಂದ ತಿದ್ದಿಸಿದೆ. ಯಾವ ಆವೃತ್ತಿ, ಯಾವ ಕೆಲಸಕ್ಕೆ, ಯಾವ ಭಾಗದಲ್ಲಿ ಎಂದು ಕೊನೆಗೆ ಮೂರು ಸಾಲು ಬರೆದೆ. ಒಪ್ಪಿಕೊಂಡರು. ಎಐಯನ್ನು ಲೇಖಕ ಎಂದು ಹಾಕುವ ಹಾಗಿಲ್ಲ, ಯಾಕಂದ್ರೆ ತಪ್ಪಿಗೆ ಅದು ಹೊಣೆ ಹೊರುವುದಿಲ್ಲ. ಪ್ರಕಟಣಾ ನೀತಿ ನೋಡುವ ಕೋಪ್ ಸಮಿತಿ 2023ರಲ್ಲೇ ಇದನ್ನು ಹೇಳಿದೆ. ಆದರೆ ಬಳಸಿದ್ದನ್ನು ಹೇಳಿ ಬಳಸಲು ಅಡ್ಡಿ ಇಲ್ಲ.

ನನಗೆ ನೋವಾಗಿದ್ದು ಬೇರೆ ವಿಷಯಕ್ಕೆ. 2021ರಲ್ಲಿ ನಾನೇ ಬರೆದಿದ್ದ ಅಧ್ಯಾಯವನ್ನು ಪತ್ತೆ ಸಾಫ್ಟ್‌ವೇರ್‌ಗೆ ಹಾಕಿದರು. ‘ಶೇ. 71 ಎಐ’ ಎಂದು ಬಂತು. ಆಗ ಚಾಟ್‌ಜಿಪಿಟಿ ಎಲ್ಲಿತ್ತು? ಅದು ಬಂದಿದ್ದೇ 2022ರ ನವೆಂಬರ್‌ನಲ್ಲಿ. ಹಳೆ ಇ-ಮೇಲ್‌ನಲ್ಲಿದ್ದ ಡ್ರಾಫ್ಟ್‌ಗಳನ್ನೆಲ್ಲ ದಿನಾಂಕದ ಸಮೇತ ಪ್ರಿಂಟ್ ತೆಗೆದು ಕೊಟ್ಟು ಬಚಾವಾದೆ. ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದು ಎಂದು 2023ರ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಇಂಗ್ಲಿಷ್ ಕಲಿತು ಬರೆಯುವ ನಮ್ಮಂಥವರ ಬರಹವನ್ನೇ ಇಂಥ ಸಾಧನಗಳು ಜಾಸ್ತಿ ಅನುಮಾನಿಸುತ್ತವೆ. ಡ್ರಾಫ್ಟ್ ಅಳಿಸಬೇಡಿ.

ನುಡಿ ಬಳಕೆದಾರ:
ಇದೆಲ್ಲ ತಲೆ ಕೆಡಿಸಿಕೊಳ್ಳುವ ವಿಷಯ ಅಲ್ಲ. ಕೃತಿಚೌರ್ಯ ಪರೀಕ್ಷೆಯಲ್ಲಿ ಬೇರೆ ಬರಹಗಳ ಜೊತೆ ಹೋಲಿಕೆ ಶೇಕಡಾ 10ರ ಒಳಗೆ ಬಂದರೆ ಮುಗಿಯಿತು. ನನ್ನ ಕಷ್ಟ ಕೇಳಿ. ಥೀಸಿಸ್ ಪೂರ್ತಿ ನುಡಿ ತಂತ್ರಾಂಶದ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದೆ. ಪರೀಕ್ಷೆಗೆ ಹಾಕಿದರೆ ಶೇ. 0. ಮನೆಗೆ ಫೋನ್ ಮಾಡಿ ಹೇಳಿದೆ. ಮರುದಿನ ಲೈಬ್ರರಿಯವರು ಕರೆದು, ಸಾಫ್ಟ್‌ವೇರ್‌ಗೆ ಒಂದಕ್ಷರವೂ ಕನ್ನಡವಾಗಿ ಕಂಡಿಲ್ಲ, ಎಲ್ಲ ಕಂಪ್ಯೂಟರ್‌ಗೂ ಓದಲು ಬರುವ ಯೂನಿಕೋಡ್ ಅಕ್ಷರಕ್ಕೆ ಮಾಡಿ ತನ್ನಿ ಅಂದರು. ಪರಿವರ್ತನೆ ಮಾಡಿದರೆ ಅರ್ಕಾವತ್ತು ಎಲ್ಲ ಪಕ್ಕದ ಅಕ್ಷರಕ್ಕೆ ಹಾರಿತ್ತು. 280 ಪುಟ, ಮೂರು ವಾರ, ಟೈಪಿಸ್ಟ್‌ಗೆ 6,500. ಮತ್ತೆ ಹಾಕಿದರೆ ಶೇ. 43! ಯುಜಿಸಿಯ 2018ರ ನಿಯಮದಲ್ಲಿ 40 ದಾಟಿದರೆ ಒಂದು ವರ್ಷ ತಿದ್ದಿದ ಪ್ರತಿ ಕೊಡುವ ಹಾಗೇ ಇಲ್ಲ. ಆ ರಾತ್ರಿ ಊಟ ಸೇರಲಿಲ್ಲ. ಕೊನೆಗೆ ನೋಡಿದರೆ ಜನಪದ ಗೀತೆಗಳಿಗೆ ಉದ್ಧರಣ ಚಿಹ್ನೆಯನ್ನೇ ಹಾಕಿರಲಿಲ್ಲ. ಚಿಹ್ನೆ ಹಾಕಿ, ಆಕರ ಕೊಟ್ಟು, ಅವನ್ನು ಬಿಟ್ಟು ಲೆಕ್ಕ ಹಾಕಿದಾಗ 9 ಬಂತು.

ಯೂನಿಕೋಡ್ ಅಭಿಮಾನಿ:
2018 ಆದಮೇಲೂ ನುಡಿಯ ಹಳೆ ಫಾಂಟ್‌ನಲ್ಲಿ ಥೀಸಿಸ್ ಮಾಡಿಸಿದ್ದು ನಿಮ್ಮ ತಪ್ಪು. ಥೀಸಿಸ್‌ಗಳ ಆನ್‌ಲೈನ್ ಭಂಡಾರ ಶೋಧಗಂಗಾದಲ್ಲಿ ಇಂಥ ಎಷ್ಟೋ ಕನ್ನಡ ಥೀಸಿಸ್ ಹುಡುಕಿದರೂ ಸಿಗದೆ ಬಿದ್ದಿವೆ. ಹೊಟ್ಟೆ ಉರಿಯುತ್ತದೆ.

ನುಡಿ ಬಳಕೆದಾರ:
ನಮ್ಮ ಊರಿನ ಡಿಟಿಪಿ ಅಂಗಡಿಗೆ ಬಂದು ಹೇಳಿ ಸ್ವಾಮಿ. ಅಲ್ಲಿ ಇದ್ದಿದ್ದೇ ಅದು. ದುಡ್ಡು ಕೊಟ್ಟವನು ನಾನು, ನೀವಲ್ಲ.

ಹೆಸರು ಬೇಡ:
‘10ರ ಒಳಗೆ ಬಂದರೆ ಮುಗಿಯಿತು’ ಅನ್ನುವ ಮಾತು ಓದಿ ಕೈ ನಡುಗಿತು. ನನಗೆ 4 ಬಂದಿತ್ತು. ಒಂದು ಇಂಗ್ಲಿಷ್ ಲೇಖನದ ವಾದವನ್ನು ಪ್ಯಾರಾ ಪ್ಯಾರಾ ಕನ್ನಡ ಮಾಡಿ ಹಾಕಿದ್ದೆ. ಎಐ ಅಲ್ಲ, ಕೈಯಾರೆ. ಭಾಷೆ ಬದಲಾಗಿತ್ತು, ಸಾಫ್ಟ್‌ವೇರ್‌ಗೆ ಸಿಗಲಿಲ್ಲ. ಅಡಿಟಿಪ್ಪಣಿ ಕೊಟ್ಟಿದ್ದು ಒಂದೇ ಕಡೆ, ಅದೂ ಕೊನೆಯ ಸಾಲಿಗೆ. ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಬಂದ ಪರೀಕ್ಷಕರು ಆ ಲೇಖನ ಓದಿದ್ದರು. ‘ಈ ವಾದ ನಿಮಗೆ ಹೇಗೆ ಹೊಳೆಯಿತು?’ ಅಂತ ಕೇಳಿದರು. ಹೊರಗೆ ಅಪ್ಪ ಸ್ವೀಟ್ ಬಾಕ್ಸ್ ಹಿಡಿದು ಕೂತಿದ್ದರು. ಆ ಅಧ್ಯಾಯ ಪೂರ್ತಿ ಬರೆದು ಒಂದು ವರ್ಷದ ಮೇಲೆ ಡಿಗ್ರಿ ಬಂತು. ಅಷ್ಟರಲ್ಲಿ ಒಂದು ನೇಮಕಾತಿ ಕೈತಪ್ಪಿತು. ಶೇಕಡಾವಾರು ನೋಡಿಕೊಂಡು ಸಮಾಧಾನ ಮಾಡಿಕೊಳ್ಳಬೇಡಿ, ದಯವಿಟ್ಟು.

ನುಡಿ ಬಳಕೆದಾರ:
ನಾನು ಕದಿಯಿರಿ ಎಂದು ಹೇಳಿಲ್ಲ. ನಿಮ್ಮ ತಪ್ಪನ್ನು ನನ್ನ ತಲೆಗೆ ಕಟ್ಟಬೇಡಿ.

ಕಾರ್ಡಿನ ಮೇಷ್ಟ್ರು:
ಕಟ್ಟಿದ್ದಲ್ಲ, ಅವರು ಧೈರ್ಯ ಮಾಡಿ ಹೇಳಿದ್ದು. ಹಾಗೇ ಇನ್ನೊಂದು. ಈಗಿನವರು ‘ಅದೇ, ಪು. 45’ ಎಂದು ಅಡಿಟಿಪ್ಪಣಿ ಹಾಕಿ, ಆಮೇಲೆ ಪ್ಯಾರಾ ಎತ್ತಿ ಬೇರೆ ಕಡೆ ಇಡುತ್ತಾರೆ. ‘ಅದೇ’ ಇನ್ಯಾವುದೋ ಪುಸ್ತಕಕ್ಕೆ ಅಂಟಿಕೊಳ್ಳುತ್ತದೆ. ಕರಡು ಮುಗಿಯುವವರೆಗೆ ಪ್ರತಿ ಸಲವೂ ಪೂರ್ತಿ ಹೆಸರು ಬರೆಯಿರಿ.

ಲ್ಯಾಬ್ ಕಡೆಯವ:
ಅದಕ್ಕೇ ಉಲ್ಲೇಖ ಜೋಡಿಸಿಕೊಡುವ ಜೊಟೆರೋ ಸಾಫ್ಟ್‌ವೇರ್ ಇದೆ, ಸರ್. ಪುಕ್ಕಟೆ.

ಕಾರ್ಡಿನ ಮೇಷ್ಟ್ರು:
ಇರಲಿ. ಪುಟ ಸಂಖ್ಯೆ ಅದು ಓದಿ ಹಾಕುತ್ತದಾ? ನೀವೇ ತಾನೇ ಹಾಕಬೇಕು.

ತುಂಗಾ ತೀರ:
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಮೂಲ ಲೇಖನಗಳನ್ನು ಡಿಕ್ಷನರಿ ಇಟ್ಟುಕೊಂಡು ಓದಿದೆ. ಎರಡನೇ ಅಧ್ಯಾಯದಲ್ಲಿ ಸಾರಾಂಶದಿಂದ ತೆಗೆದ ವಾಕ್ಯ 11 ಇವೆ. ಎರಡು ಕಡೆ ಲೇಖಕಿ ಒಪ್ಪದ ಮಾತನ್ನೇ ಅವರು ಹೇಳಿದ್ದಾರೆ ಎಂದು ನಾನು ಬರೆದಿದ್ದೇನೆ. ಒಂದು ಕಡೆ ಕೊಟ್ಟ ಪುಟವೇ ಆ ಲೇಖನದಲ್ಲಿಲ್ಲ. 11ನ್ನೂ ತೆಗೆದು ನಾನೇ ಬರೆಯುತ್ತಿದ್ದೇನೆ. ಪ್ರಸ್ತಾವನೆಯಲ್ಲಿ ಎಐ ಬಗ್ಗೆ ಮೂರು ಸಾಲು ಹಾಕುತ್ತೇನೆ. ಸೋಮವಾರ ಗೈಡ್ ಹತ್ತಿರ ಹೋಗುತ್ತೇನೆ. ಹಾವೇರಿಯವರೇ, ಆ ಮೇಡಂ ಹತ್ತಿರ ಆಮೇಲೆ ಮಾತಾಡಿದಿರಾ?

ಹಾವೇರಿ ಹುಡುಗಿ:
ಇನ್ನೂ ಇಲ್ಲ ಅಕ್ಕ. ತಿದ್ದಿದ ಪ್ರತಿ ಅವರಿಗೇ ಮೊದಲು ಕೊಡಬೇಕು ಅಂದುಕೊಂಡಿದ್ದೇನೆ.