ಪಂಕ್, ಹೆವಿ ಮೆಟಲ್ ಎರಡಕ್ಕೂ ಬೇರು ಒಂದೇನಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ಹಳೇ ರಾಕ್ ಹಾಡುಗಳನ್ನೇ ಕೇಳುತ್ತಿದ್ದೇನೆ. ಕಿಂಕ್ಸ್ ಬ್ಯಾಂಡಿನ 'ಯೂ ರಿಯಲಿ ಗಾಟ್ ಮಿ' 1964ರದ್ದು ಅಂದರೆ ನಂಬೋಕೇ ಆಗಲಿಲ್ಲ, ಗಿಟಾರ್ ಅಷ್ಟು ಒರಟು. ರಾಕ್‌ನ ಕವಲುಗಳಾದ ಪಂಕ್, ಮೆಟಲ್ ಎರಡೂ ಇಲ್ಲಿಂದಲೇ ಬಂದವಾ?

ಉತ್ತರ 1:
ಹೌದು, ಎರಡಕ್ಕೂ ಅದು ಹತ್ತಿರದ ನೆಂಟ. ಕಿಂಕ್ಸ್‌ನ ಗಿಟಾರಿಸ್ಟ್ ಡೇವ್ ಡೇವಿಸ್ ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿದ, ಅದು ನಡುಗಿ ಹೊರಡಿಸೋ ಗರಗರ ಸದ್ದನ್ನು ಇನ್ನೊಂದು ದೊಡ್ಡ ಆಂಪ್ಲಿಫೈಯರಿಗೆ ಕೊಟ್ಟ. ಆಗ ಅವನಿಗೆ ಬರೀ 17 ವರ್ಷ!

ಉತ್ತರ 2:
ಮೆಟಲ್‌ಗೆ ಮಾತ್ರ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಹತ್ತಿರವೇ ಬರಬೇಕು. ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯಲ್ಲಿ ಆ ಬ್ಯಾಂಡಿನ ಗಿಟಾರಿಸ್ಟ್ ಟೋನಿ ಅಯೋಮಿಯ ಬಲಗೈಯ ಎರಡು ಬೆರಳಿನ ತುದಿ ಕತ್ತರಿಸಿಹೋಯಿತು, ಅವನು ಎಡಚ, ಅಂದರೆ ತಂತಿ ಒತ್ತೋ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತೆಳು ತಂತಿ ಹಾಕಿದ. 1971ರ ಮೂರನೇ ಆಲ್ಬಮ್ಮಿನಲ್ಲಿ ಶ್ರುತಿಯನ್ನೂ ಇಳಿಸಿದ. ಆ ಭಾರವಾದ ಸದ್ದು ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಉತ್ತರ 3:
ಪಂಕ್ ಕಡೆಗೆ ಬಂದರೆ ಅಮೆರಿಕದ ಮಿಷಿಗನ್ನಿನ ಸ್ಟೂಜಸ್ ಬ್ಯಾಂಡ್ ಕೇಳಿ. ಮೊದಲ ಆಲ್ಬಮ್ 1969ರದ್ದು. ಎರಡು ಮೂರು ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಅಷ್ಟೇ, ಆದರೆ ಎಷ್ಟು ಸಿಟ್ಟು! ಅದರಲ್ಲಿನ 'ನೋ ಫನ್' ಹಾಡನ್ನು ಮುಂದೆ ಇಂಗ್ಲೆಂಡಿನ ಪಂಕ್ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್ ಕೂಡ ಹಾಡಿದರು.

ಉತ್ತರ 4:
ಆದರೆ ಇವೆರಡೂ ಪೂರ್ತಿ ದೂರವಾಗಲಿಲ್ಲ ಅಲ್ವಾ? ಮೋಟಾರ್‌ಹೆಡ್ ಬ್ಯಾಂಡ್ ಕೇಳಿ ನೋಡಿ, ಪಂಕ್‌ನವರೂ ಮೆಟಲ್‌ನವರೂ ಅವರನ್ನು ನಮ್ಮೋರು ಅಂತಾರೆ. 1991ರಲ್ಲಿ ಅವರು ರಮೋನ್ಸ್ ಅನ್ನೋ ಪಂಕ್ ಬ್ಯಾಂಡಿನ ಮೇಲೇ ಒಂದು ಹಾಡು ಮಾಡಿದರು, ಒಂದೂವರೆ ನಿಮಿಷದ ಹಾಡು, ರಮೋನ್ಸ್ ಥರಾನೇ.