ಅಪ್‌ಡೇಟ್ ಆದ ಮೇಲೆ ಲ್ಯಾಪ್‌ಟಾಪ್ ತುಂಬಾ ನಿಧಾನ, ಏನು ಮಾಡಲಿ?

ಪ್ರಶ್ನೆ (ಮೂಡಿಗೆರೆ): ಮೊನ್ನೆ ಹೊಸ ಅಪ್‌ಡೇಟ್ ಹಾಕಿದೆ. ಆಗಿನಿಂದ ಆನ್ ಮಾಡಿ, ಒಂದು ಲೋಟ ಕಾಫಿ ಕುಡಿದು ಬಂದರೂ ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ. ಶನಿವಾರ ತೋಟದ ಬಟವಾಡೆ. ಯಾರು ಎಷ್ಟು ಕೆಜಿ ಹಣ್ಣು ಕುಯ್ದರು ಅನ್ನೋ ಲೆಕ್ಕವೆಲ್ಲ ಅದರಲ್ಲೇ ಇದೆ. 4 ಜಿಬಿ ರ್‍ಯಾಮ್, ಹಳೇ ಹಾರ್ಡ್ ಡಿಸ್ಕ್.

ಉತ್ತರ (ಹಾಸನ): ಮೊದಲು ಆ ಲೆಕ್ಕವನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ ಸಾರ್. ಆಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ (ಒಳಗೆ ಏನೇನು ಕೆಲಸ ನಡೀತಿದೆ ಅಂತ ತೋರಿಸೋ ವಿಂಡೋ) ಡಿಸ್ಕ್ ಬಳಕೆ ಶೇಕಡಾ ಎಷ್ಟು ತೋರಿಸುತ್ತೆ ನೋಡಿ. 100 ಇದ್ದರೆ ಒಳಗೆ ಇನ್ನೂ ಕೆಲಸ ನಡೀತಿರಬಹುದು. ಚಾರ್ಜರ್ ಹಾಕಿ ಸುಮ್ನೆ ಬಿಡಿ.

ಉತ್ತರ (ಬೇಲೂರು): ವಿಂಡೋಸ್ 11ಕ್ಕೆ ಹೋಗಿದ್ದರೆ 4 ಜಿಬಿ ಕನಿಷ್ಠ ಅಷ್ಟೇ. 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಿಂದ ಹಳೇ ವಿಂಡೋಸ್‌ಗೆ ಹಿಂದಕ್ಕೆ ಹೋಗಬಹುದು. ಆದರೆ ಹಳೇ ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸೋದೇ ಒಳ್ಳೇದು, ನನ್ನದು ಹಾಗೇ ಸರಿಯಾಯ್ತು.

ಮೂಡಿಗೆರೆ: ಡಿಸ್ಕ್ 100 ಇತ್ತು! ರಾತ್ರಿಯಿಡೀ ಬಿಟ್ಟೆ, ಈಗ ಪರವಾಗಿಲ್ಲ. ಲೆಕ್ಕ ಪೆನ್‌ಡ್ರೈವ್‌ನಲ್ಲಿದೆ. ಬಟವಾಡೆ ಮುಗಿಸಿ ಎಸ್‌ಎಸ್‌ಡಿ ಹಾಕಿಸುತ್ತೇನೆ.