ಸತುವಿನ ಮಾತ್ರೆಯಿಂದ ರಕ್ತಹೀನತೆ ಬರಬಹುದೇ? ಸೂಕ್ಷ್ಮ ಖನಿಜಗಳ ಬಗ್ಗೆ ಒಂದು ಸಂದೇಹ

ಪ್ರಶ್ನೆ (ಹೊಸ ಓದುಗ)

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನವರು ಪದೇ ಪದೇ ನೆಗಡಿಯಾಗುತ್ತದೆ ಎಂಬ ಕಾರಣಕ್ಕೆ, ವೈದ್ಯರನ್ನು ಕೇಳದೆಯೇ, ದಿನಕ್ಕೆ 50 ಮಿಲಿಗ್ರಾಂ ಸತು ಇರುವ ಮಾತ್ರೆಯನ್ನು ಬಹಳ ಕಾಲದಿಂದ ತೆಗೆದುಕೊಳ್ಳುತ್ತಿದ್ದಾರೆ. ಈಚೆಗೆ ಸುಸ್ತು ಹೆಚ್ಚಾಗಿ ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಕಡಿಮೆಯಾಗಿರುವುದೂ ಬಿಳಿ ರಕ್ತಕಣಗಳು ಇಳಿದಿರುವುದೂ ತಿಳಿಯಿತು. ದೇಹದ ಕಬ್ಬಿಣಾಂಶದ ದಾಸ್ತಾನನ್ನು ತೋರಿಸುವ ಫೆರಿಟಿನ್ ಮಾತ್ರ ಸರಿಯಾಗಿಯೇ ಇದೆ. ಕಬ್ಬಿಣಾಂಶದ ಮಾತ್ರೆ ಶುರು ಮಾಡಿದರೂ ಹಿಮೋಗ್ಲೋಬಿನ್ ಏರಲಿಲ್ಲ. ಜೊತೆಗೆ ಪಾದಗಳಲ್ಲಿ ಜೋಮು ಹಿಡಿದಂತಾಗುತ್ತದೆ ಎನ್ನುತ್ತಿದ್ದಾರೆ.

ಸತು ಹೆಚ್ಚಾದರೆ ತಾಮ್ರದ ಕೊರತೆಯಾಗುತ್ತದೆ ಎಂದು ಒಂದು ಕಡೆ ಓದಿದೆ. ಇದು ನಿಜವೇ? ದೇಹಕ್ಕೆ ಇಷ್ಟು ಕಡಿಮೆ ಪ್ರಮಾಣದಲ್ಲಿ ಬೇಕಾಗುವ ತಾಮ್ರ ಇಲ್ಲವಾದರೆ ರಕ್ತಕ್ಕೂ ನರಗಳಿಗೂ ತೊಂದರೆಯಾಗುವುದು ಹೇಗೆ? ಯಾವ ಪರೀಕ್ಷೆಗಳನ್ನು ಮಾಡಿಸುವಂತೆ ವೈದ್ಯರನ್ನು ಕೇಳಬೇಕು?

ಉತ್ತರ (ಜೀವರಸಾಯನಶಾಸ್ತ್ರದ ಬೋಧಕಿ)

ನೀವು ಓದಿದ್ದು ನಿಜ. ನೀವು ವಿವರಿಸಿರುವ ಲಕ್ಷಣಗಳನ್ನು ನೋಡಿದರೆ ಈ ಸಾಧ್ಯತೆಯನ್ನು ತಡಮಾಡದೆ ಪರಿಶೀಲಿಸಬೇಕು. ಅದರಲ್ಲೂ ಪಾದಗಳ ಜೋಮನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತಾಮ್ರದ ಕೊರತೆಯಿಂದ ಉಂಟಾದ ರಕ್ತದ ತೊಂದರೆ ಚಿಕಿತ್ಸೆಯಿಂದ ಸಾಮಾನ್ಯವಾಗಿ ಸರಿಹೋಗುತ್ತದೆ, ಆದರೆ ಬೆನ್ನುಹುರಿಗೂ ನರಗಳಿಗೂ ಆದ ಹಾನಿ ಅನೇಕರಲ್ಲಿ ಪೂರ್ತಿಯಾಗಿ ವಾಸಿಯಾಗುವುದಿಲ್ಲ.

ಕಾರಣ ಕರುಳಿನಲ್ಲಿದೆ. ಸತು ಅತಿಯಾಗಿ ಬಂದಾಗ ಸಣ್ಣ ಕರುಳಿನ ಒಳಪದರದ ಜೀವಕೋಶಗಳು ಮೆಟಲೋಥಯೋನಿನ್ ಎಂಬ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತವೆ. ಈ ಪ್ರೋಟೀನು ಸತುವಿಗಿಂತಲೂ ಬಲವಾಗಿ ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಜೀವಕೋಶಗಳು ಕೆಲವೇ ದಿನಗಳಲ್ಲಿ ಸವೆದು ಉದುರುವುದರಿಂದ, ಅವುಗಳೊಳಗೆ ಸಿಕ್ಕಿಬಿದ್ದ ತಾಮ್ರ ರಕ್ತವನ್ನು ಸೇರದೆ ಮಲದಲ್ಲಿ ಹೊರಹೋಗುತ್ತದೆ. ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಯಲ್ಲಿ ವೈದ್ಯರು ಸತುವನ್ನು ಔಷಧವಾಗಿ ಕೊಡುವುದು ಇದೇ ಗುಣದಿಂದಾಗಿ. ಆ ರೋಗಿಗೆ ಉಪಕಾರ ಮಾಡುವ ಇದೇ ಕ್ರಿಯೆ ಆರೋಗ್ಯವಂತರಲ್ಲಿ ಕೊರತೆಯನ್ನು ತಂದಿಡುತ್ತದೆ.

ಇನ್ನು ಪ್ರಮಾಣದ ಮಾತು. ದಿನಕ್ಕೆ 100 ಮಿಲಿಗ್ರಾಂಗಿಂತ ಕಡಿಮೆ ಬೇಕಾಗುವ ಖನಿಜಗಳನ್ನು ಸೂಕ್ಷ್ಮ ಖನಿಜಗಳೆಂದು ಕರೆಯುವುದು ವಾಡಿಕೆ. ವಯಸ್ಕರ ಇಡೀ ದೇಹದಲ್ಲಿ ಇರುವ ತಾಮ್ರ ಸುಮಾರು 100 ಮಿಲಿಗ್ರಾಂ, ದಿನಕ್ಕೆ ಬೇಕಾಗುವುದು 0.9 ಮಿಲಿಗ್ರಾಂ. ಇಷ್ಟು ಸಾಕಾಗುವುದೇಕೆಂದರೆ ತಾಮ್ರ ಉರಿದು ಖರ್ಚಾಗುವ ಇಂಧನವಲ್ಲ. ಕಿಣ್ವಗಳ ಮಧ್ಯದಲ್ಲಿ ಕುಳಿತು ಒಂದೇ ಕ್ರಿಯೆಯನ್ನು ಮತ್ತೆ ಮತ್ತೆ ನಡೆಸಿಕೊಡುತ್ತದೆ. ಕರುಳಿನಿಂದಲೂ ಯಕೃತ್ತಿನ ದಾಸ್ತಾನಿನಿಂದಲೂ ಹೊರಬರುವ ಕಬ್ಬಿಣಾಂಶವನ್ನು ರಕ್ತದಲ್ಲಿನ ಸಾಗಣೆ ಪ್ರೋಟೀನಾದ ಟ್ರಾನ್ಸ್‌ಫೆರಿನ್ ಹೊತ್ತೊಯ್ಯಬೇಕಾದರೆ ಅದು ಮೊದಲು ಉತ್ಕರ್ಷಣಗೊಳ್ಳಬೇಕು (ಎಂದರೆ ಎಲೆಕ್ಟ್ರಾನನ್ನು ಕಳೆದುಕೊಳ್ಳಬೇಕು), ಆ ಕೆಲಸ ಮಾಡುವ ಹೆಫೀಸ್ಟಿನ್ ಮತ್ತು ಸೆರುಲೋಪ್ಲಾಸ್ಮಿನ್ ಎಂಬ ಎರಡು ಪ್ರೋಟೀನುಗಳಲ್ಲೂ ತಾಮ್ರವಿದೆ. ಹೀಗಾಗಿ ದಾಸ್ತಾನಿನಲ್ಲಿ ಕಬ್ಬಿಣಾಂಶ ಇದ್ದರೂ ಅದು ರಕ್ತಕಣಗಳು ತಯಾರಾಗುವ ಅಸ್ಥಿಮಜ್ಜೆಯನ್ನು ಸರಿಯಾಗಿ ತಲುಪುವುದಿಲ್ಲ. ಅಣ್ಣನವರ ಫೆರಿಟಿನ್ ಸರಿಯಿದ್ದೂ ಹಿಮೋಗ್ಲೋಬಿನ್ ಏರದಿರುವುದಕ್ಕೆ ಇದು ಕಾರಣವಾಗಿರಬಹುದು. ಬರೀ ಹಾಲು ಕುಡಿಸಿ ರಕ್ತಹೀನತೆ ಬರಿಸಿದ ಇಲಿಗಳು ಶುದ್ಧ ಕಬ್ಬಿಣಾಂಶ ಕೊಟ್ಟರೆ ಚೇತರಿಸಿಕೊಳ್ಳುವುದಿಲ್ಲ, ಜೊತೆಗೆ ತಾಮ್ರವನ್ನೂ ಕೊಟ್ಟರೆ ಚೇತರಿಸಿಕೊಳ್ಳುತ್ತವೆ ಎಂಬುದನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 1928ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದರು.

ಸೀರಂ (ರಕ್ತದ ದ್ರವಭಾಗದ) ತಾಮ್ರ, ಸೆರುಲೋಪ್ಲಾಸ್ಮಿನ್, ಸೀರಂ ಸತು, ಈ ಮೂರನ್ನೂ ಒಟ್ಟಿಗೆ ಮಾಡಿಸುವಂತೆ ಕೇಳಿ. ಜೋಮಿಗೆ ಬಿ12 ಕೊರತೆಯೂ ಕಾರಣವಾಗಿರಬಹುದಾದ್ದರಿಂದ ಅದನ್ನೂ ನೋಡಿಸಬೇಕು. ಎರಡು ಕೊರತೆಗಳೂ ಬೆನ್ನುಹುರಿಯ ಮೇಲೆ ಮಾಡುವ ಪರಿಣಾಮ ಬಹುತೇಕ ಒಂದೇ ಬಗೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಸತುವಿನ ಮಾತ್ರೆಯ ವಿಷಯವನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಅದು ಗೊತ್ತಿಲ್ಲದಿದ್ದರೆ ಅಸ್ಥಿಮಜ್ಜೆಯ ಗಂಭೀರ ಕಾಯಿಲೆಯೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯಿದೆ.

ಉತ್ತರ (ಆಹಾರತಜ್ಞ)

ಮೇಲಿನ ವಿವರಣೆಗೆ ನನ್ನ ಪೂರ್ಣ ಸಹಮತವಿದೆ. ಆದರೆ ಇದನ್ನು ಓದಿದವರು ಸತುವೇ ಅಪಾಯಕಾರಿ ಎಂದು ಭಾವಿಸಬಾರದು ಎಂಬ ಕಾಳಜಿಯಿಂದ ಎರಡು ಮಾತು ಸೇರಿಸುತ್ತೇನೆ.

ಸತುವಿನ ಕೊರತೆ ಮನುಷ್ಯರಲ್ಲಿ ಉಂಟಾಗುತ್ತದೆ ಎಂಬುದೇ 1960ರ ದಶಕದವರೆಗೆ ವೈದ್ಯಲೋಕಕ್ಕೆ ಸ್ಪಷ್ಟವಾಗಿರಲಿಲ್ಲ. ಭಾರತದಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್ ಅವರು ಮೊದಲು ಇರಾನಿನಲ್ಲಿ, ಆಮೇಲೆ ಈಜಿಪ್ಟಿನಲ್ಲಿ, ಬೆಳವಣಿಗೆ ಕುಂಠಿತವಾಗಿ ಪ್ರಾಯಕ್ಕೆ ಬಂದರೂ ಬಾಲಕರಂತೆಯೇ ಉಳಿದಿದ್ದ ಯುವಕರನ್ನು ಪರೀಕ್ಷಿಸಿ ಈ ಕೊರತೆಯನ್ನು ಗುರುತಿಸಿದರು. ಆ ಯುವಕರ ಊಟದಲ್ಲಿ ಸತು ಇರಲೇ ಇಲ್ಲವೆಂದಲ್ಲ. ಅವರ ಮುಖ್ಯ ಆಹಾರವಾಗಿದ್ದ ಧಾನ್ಯದಲ್ಲಿನ ಫೈಟೇಟ್ ಎಂಬ ಸಂಯುಕ್ತ ಸತುವನ್ನು ಕಟ್ಟಿಹಾಕಿ ಕರುಳು ಹೀರಿಕೊಳ್ಳದಂತೆ ಮಾಡುತ್ತಿತ್ತು. ಧಾನ್ಯವನ್ನೂ ಕಾಳನ್ನೂ ನೆನೆಸುವುದು, ಮೊಳಕೆ ಬರಿಸುವುದು, ಹುದುಗಿಸುವುದು, ಇವೆಲ್ಲ ಫೈಟೇಟನ್ನು ಕಡಿಮೆ ಮಾಡುತ್ತವೆ. ಆದ್ದರಿಂದ ತಟ್ಟೆಯಲ್ಲಿ ಎಷ್ಟು ಖನಿಜವಿದೆ ಎಂಬುದರಷ್ಟೇ ಅದರಲ್ಲಿ ಎಷ್ಟು ಮೈಗೂಡುತ್ತದೆ ಎಂಬುದೂ ಮುಖ್ಯ.

ಅತಿಸಾರವಾದ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ದಿನಕ್ಕೆ 20 ಮಿಲಿಗ್ರಾಂ (ಆರು ತಿಂಗಳೊಳಗಿನವರಿಗೆ 10 ಮಿಲಿಗ್ರಾಂ) ಸತುವನ್ನು 10ರಿಂದ 14 ದಿನಗಳ ಕಾಲ ಕೊಡಲು ಹೇಳಿತ್ತು. ಅವಧಿ ನಿಗದಿಯಾಗಿರುವುದನ್ನು ಗಮನಿಸಿ. ವಯಸ್ಕರ ಗರಿಷ್ಠ ಸುರಕ್ಷಿತ ಮಿತಿ ಅಮೆರಿಕದ ಲೆಕ್ಕದಲ್ಲಿ ದಿನಕ್ಕೆ 40 ಮಿಲಿಗ್ರಾಂ, ಯುರೋಪಿನ ಲೆಕ್ಕದಲ್ಲಿ 25 ಮಿಲಿಗ್ರಾಂ. ಅಣ್ಣನವರ ಮಾತ್ರೆ ಎರಡನ್ನೂ ಮೀರಿದೆ. ಮಾತ್ರೆಯ ಚೀಟಿಯನ್ನು ಓದುವಾಗ ಅಲ್ಲಿರುವ ಸಂಖ್ಯೆ ಸತುವಿನದೋ ಅದರ ಲವಣದ್ದೋ ಎಂದು ನೋಡಿಕೊಳ್ಳಬೇಕು: 220 ಮಿಲಿಗ್ರಾಂ ಜಿಂಕ್ ಸಲ್ಫೇಟ್ ಹೆಪ್ಟಾಹೈಡ್ರೇಟ್‌ನಲ್ಲಿ ನಿಜವಾದ ಸತು ಸುಮಾರು 50 ಮಿಲಿಗ್ರಾಂ ಮಾತ್ರ.

ಮರುಪ್ರಶ್ನೆ (ಹೊಸ ಓದುಗ)

ಇಬ್ಬರಿಗೂ ತುಂಬಾ ಧನ್ಯವಾದಗಳು. ಸತುವಿನ ಮಾತ್ರೆಯನ್ನು ನಿಲ್ಲಿಸಿದ್ದಾರೆ, ನಾಳೆಯೇ ವೈದ್ಯರನ್ನು ಕಾಣುತ್ತೇವೆ. ಅದರ ಬದಲಿಗೆ ತಾಮ್ರ, ಸೆಲೆನಿಯಂ, ಅಯೋಡಿನ್ ಎಲ್ಲವೂ ಇರುವ ಒಂದು ಮಾತ್ರೆ ತೆಗೆದುಕೊಳ್ಳಬಹುದೇ ಎಂದು ಅಣ್ಣ ಕೇಳುತ್ತಿದ್ದಾರೆ.

ಉತ್ತರ (ಜೀವರಸಾಯನಶಾಸ್ತ್ರದ ಬೋಧಕಿ)

ಪರೀಕ್ಷೆಯ ಫಲಿತಾಂಶ ಕೈಸೇರುವವರೆಗೆ ಬೇಡ. ಈಗಲೇ ತಾಮ್ರ ತೆಗೆದುಕೊಂಡರೆ ರಕ್ತದಲ್ಲಿನ ಮಟ್ಟ ಬದಲಾಗಿ ಮೂಲ ಕೊರತೆ ಕಾಣದೆ ಹೋಗಬಹುದು. ಕೊರತೆ ಖಚಿತವಾದರೆ ತಾಮ್ರವನ್ನು ಎಷ್ಟು, ಯಾವ ರೂಪದಲ್ಲಿ ಕೊಡಬೇಕೆಂದು ವೈದ್ಯರೇ ನಿರ್ಧರಿಸುತ್ತಾರೆ. ಬಹುಖನಿಜ ಮಾತ್ರೆಯಲ್ಲಿನ ಅಲ್ಪ ತಾಮ್ರ ಅದಕ್ಕೆ ಸಾಲದೆ ಇರಬಹುದು.

ಸೆಲೆನಿಯಂ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಚೀನಾದ ಕೆಶಾನ್ ಪ್ರಾಂತದಲ್ಲಿ ಮಣ್ಣಿನಲ್ಲೇ ಸೆಲೆನಿಯಂ ಕಡಿಮೆಯಿದ್ದುದರಿಂದ ಮಕ್ಕಳೂ ಯುವತಿಯರೂ ಹೃದಯಸ್ನಾಯುವಿನ ಕಾಯಿಲೆಗೆ ಬಲಿಯಾಗುತ್ತಿದ್ದರು, ಅಲ್ಲಿ ಸೆಲೆನಿಯಂ ಕೊಟ್ಟದ್ದು ಜೀವ ಉಳಿಸಿತು. ಫಿನ್‌ಲ್ಯಾಂಡ್ 1984ರಿಂದ ರಸಗೊಬ್ಬರಕ್ಕೇ ಅದನ್ನು ಸೇರಿಸುತ್ತಿದೆ. ಆದರೆ ಕೊರತೆಯಿಲ್ಲದವರಿಗೆ ಕೊಟ್ಟಾಗ ಕಥೆ ಬೇರೆ. ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಯಬಹುದೆಂಬ ನಿರೀಕ್ಷೆಯಿಂದ 35,000ಕ್ಕೂ ಹೆಚ್ಚು ಪುರುಷರ ಮೇಲೆ ನಡೆದ ಸೆಲೆಕ್ಟ್ ಅಧ್ಯಯನದಲ್ಲಿ ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂನಿಂದ ಯಾವ ಪ್ರಯೋಜನವೂ ಕಾಣದೆ 2008ರಲ್ಲಿ ಮಾತ್ರೆಗಳನ್ನು ನಿಲ್ಲಿಸಲಾಯಿತು. ದಿನದ ಅಗತ್ಯ 55 ಮೈಕ್ರೋಗ್ರಾಂ, ಅಮೆರಿಕದ ಗರಿಷ್ಠ ಮಿತಿ 400. ಮಿತಿ ಬಹಳವಾಗಿ ಮೀರಿದರೆ ಕೂದಲು ಉದುರುತ್ತದೆ, ಉಗುರು ಪುಡಿಯಾಗುತ್ತದೆ, ಉಸಿರಿಗೆ ಬೆಳ್ಳುಳ್ಳಿಯ ವಾಸನೆ ಬರುತ್ತದೆ.

ಅಯೋಡಿನ್ ಉಪ್ಪಿನಿಂದಲೇ ಸಿಗುತ್ತಿದ್ದರೆ ಪ್ರತ್ಯೇಕ ಮಾತ್ರೆಯ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಫಲಿತಾಂಶ ಓದುವಾಗ ಒಂದು ಸಂಗತಿ ನೆನಪಿರಲಿ: ಸೋಂಕು ಅಥವಾ ಉರಿಯೂತ ಇದ್ದಾಗ ಸೀರಂ ಸತು ಇಳಿಯುತ್ತದೆ, ಸೆರುಲೋಪ್ಲಾಸ್ಮಿನ್ ಮತ್ತು ಫೆರಿಟಿನ್ ಏರುತ್ತವೆ. ಅಣ್ಣನವರಿಗೆ ಈಗ ನೆಗಡಿಯೋ ಜ್ವರವೋ ಇದ್ದರೆ ಅದನ್ನು ತಿಳಿಸಿ, ಉರಿಯೂತವನ್ನು ತೋರಿಸುವ ಸಿ-ರಿಯಾಕ್ಟಿವ್ ಪ್ರೋಟೀನನ್ನೂ ಜೊತೆಯಲ್ಲೇ ನೋಡುವಂತೆ ವೈದ್ಯರನ್ನು ಕೇಳಿ.